ನೆಗೆಟಿವ್ ಮತ್ತು ಪ್ರಿಂಟ್: ಒಂದೇ ಕಡೆ ಇಡಬೇಕೇ, ಬೇರೆ ಬೇರೆ ಇಡಬೇಕೇ?

ಹಳೆಯ ಸ್ಟುಡಿಯೊಗಳಲ್ಲಿ ತೆಗೆಸಿದ ಫೋಟೊಗಳನ್ನು ತಿರುಗಿಸಿ ನೋಡಿದವರಿಗೆ, ಹಿಂಬದಿಯ ಮೊಹರಿನ ಪಕ್ಕದಲ್ಲಿ ಕೈಯಲ್ಲಿ ಬರೆದ ಒಂದು ಸಂಖ್ಯೆ ಕಣ್ಣಿಗೆ ಬಿದ್ದಿರಬಹುದು. ಪ್ರಿಂಟ್ ಗಿರಾಕಿಯ ಮನೆಗೆ ಹೋಗುತ್ತಿತ್ತು, ನೆಗೆಟಿವ್ ಸ್ಟುಡಿಯೊದ ಬೀರುವಿನಲ್ಲೇ ಉಳಿಯುತ್ತಿತ್ತು. ಹತ್ತು ವರ್ಷ ಬಿಟ್ಟು ಇನ್ನೊಂದು ಪ್ರತಿ ಬೇಕಾದರೂ ಆ ಸಂಖ್ಯೆಯನ್ನು ಹೇಳಿದರೆ ಸಾಕಿತ್ತು. ಮುಂದೆ ಕಲರ್ ಲ್ಯಾಬ್‌ಗಳು ಊರೂರಿಗೆ ಬಂದು, ನಾವೇ ಕ್ಯಾಮೆರಾ ಕೊಂಡು ರೋಲ್ ತೊಳೆಸಲು ಆರಂಭಿಸಿದಾಗ, ಪ್ರಿಂಟಿನ ಜೊತೆಗೆ ನೆಗೆಟಿವ್ ಕೂಡ ನಮ್ಮ ಮನೆಗೆ ಬಂತು, ಆದರೆ ಸ್ಟುಡಿಯೊದವರ ಆ ಲೆಕ್ಕದ ಪುಸ್ತಕ ಬರಲಿಲ್ಲ. ಇಂದು ಬಹಳಷ್ಟು ಮನೆಗಳಲ್ಲಿ ಪ್ರಿಂಟ್‌ಗಳು ಆಲ್ಬಮ್‌ನಲ್ಲಿವೆ, ನೆಗೆಟಿವ್‌ಗಳು ಯಾವುದೋ ಬಿಸ್ಕತ್ತಿನ ಡಬ್ಬಿಯಲ್ಲಿವೆ, ಯಾವುದು ಯಾವುದರದ್ದು ಎಂದು ಹೇಳಬಲ್ಲವರು ಯಾರೂ ಇಲ್ಲ.

ಇವೆರಡನ್ನೂ ಜೋಡಿಸಿಡಲು ಹೊರಟವರ ಮುಂದೆ ಹಲವು ದಾರಿಗಳಿವೆ. ಅವುಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದು ಈ ಬರಹದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಒಟ್ಟಿಗೆ ಇರಬೇಕಾದದ್ದು ಸಂಖ್ಯೆಯೇ ಹೊರತು ವಸ್ತುಗಳಲ್ಲ. ಹಾಗೆಂದು ಎಲ್ಲ ಮನೆಗೂ ಒಂದೇ ಉತ್ತರ ಹೊಂದುವುದಿಲ್ಲ, ಏಕೆಂದರೆ ಕೈಯಲ್ಲಿರುವ ಫಿಲ್ಮ್ ಯಾವುದು, ಮನೆ ಕರಾವಳಿಯಲ್ಲಿದೆಯೇ ಬಯಲುಸೀಮೆಯಲ್ಲಿದೆಯೇ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮೊದಲು, ಕೈಯಲ್ಲಿರುವುದು ಏನು?

ಫಿಲ್ಮಿನ ತಳ ಮೂರು ಬಗೆಯದು. ಹಳೆಯದು ಸೆಲ್ಯುಲೋಸ್ ನೈಟ್ರೇಟ್, ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಕೊಡಾಕ್ ಕಂಪನಿ ಇದರ ತಯಾರಿಕೆಯನ್ನು 1951ರ ಹೊತ್ತಿಗೆ ಕೈಬಿಟ್ಟಿತು. ಅದಕ್ಕೂ ಹಿಂದಿನ ನೆಗೆಟಿವ್‌ಗಳು ಮನೆಯಲ್ಲಿದ್ದು, ಅವು ಕಂದುಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ, ಅವುಗಳನ್ನು ಉಳಿದ ಯಾವುದರ ಜೊತೆಗೂ ಇಡಬಾರದು, ಬೆಂಕಿ ತಾಗಿಸಿ ಪರೀಕ್ಷಿಸುವ ಸಾಹಸವನ್ನಂತೂ ಮಾಡಲೇಬಾರದು. ಎರಡನೆಯದು ಅಸಿಟೇಟ್. ಫಿಲ್ಮಿನ ಅಂಚಿನಲ್ಲಿ ‘ಸೇಫ್ಟಿ’ ಎಂದು ಅಚ್ಚಾಗಿರುವುದನ್ನು ಕಂಡವರಿರಬಹುದು, ಬೆಂಕಿಯ ಮಟ್ಟಿಗೆ ಅದು ನಿಜ. ನಮ್ಮ ಮನೆಗಳಲ್ಲಿರುವ ನೆಗೆಟಿವ್‌ಗಳಲ್ಲಿ ಬಹುಪಾಲು ಇದೇ: ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಹನ್ನೆರಡು ಚೌಕ ಚಿತ್ರ ಕೊಡುತ್ತಿದ್ದ 120ರ ರೋಲ್, ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ಫಿಲ್ಮ್, ಆಮೇಲೆ ಬಂದ 35 ಮಿಲಿಮೀಟರಿನ ಕಲರ್ ರೋಲ್. ಮೂರನೆಯದು ಪಾಲಿಯೆಸ್ಟರ್, ಇದು ಬಹಳ ಗಟ್ಟಿ, ಕೈಯಿಂದ ಹರಿಯುವುದೇ ಕಷ್ಟ, ಆದರೆ ಮನೆಬಳಕೆಯ ರೋಲ್‌ಗಳಲ್ಲಿ ಅಪರೂಪ.

ಅಸಿಟೇಟಿನ ಕಾಯಿಲೆಗೆ ಒಂದು ಗುರುತಿದೆ. ತೇವ ಮತ್ತು ಬಿಸಿ ಸೇರಿದಾಗ ಅದು ನಿಧಾನವಾಗಿ ಕೊಳೆತು ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ, ಡಬ್ಬಿ ತೆರೆದ ಕೂಡಲೇ ವಿನಿಗರ್‌ನ ಹುಳಿವಾಸನೆ ಮೂಗಿಗೆ ಹೊಡೆಯುತ್ತದೆ. ಹೊರಬಂದ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ, ಒಮ್ಮೆ ಆರಂಭವಾದದ್ದು ನಿಲ್ಲುವುದಿಲ್ಲ. ಅಮೆರಿಕದ ರಾಚೆಸ್ಟರ್‌ನಲ್ಲಿರುವ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ 1993ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 21 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 50ರ ಆರ್ದ್ರತೆಯಲ್ಲಿ ಹೊಸ ಅಸಿಟೇಟ್ ಫಿಲ್ಮ್ ಈ ಹಂತವನ್ನು ಮುಟ್ಟಲು ಸುಮಾರು 40 ವರ್ಷ ಬೇಕು. ನಮ್ಮ ಯಾವ ಮನೆಯಲ್ಲಿ ವರ್ಷವಿಡೀ 21 ಡಿಗ್ರಿ ಇರುತ್ತದೆ? 1980ರ ದಶಕದ ನೆಗೆಟಿವ್‌ಗಳನ್ನು ಈಗಲೇ ಮೂಸಿ ನೋಡುವುದು ಒಳ್ಳೆಯದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಪ್ರಿಂಟ್‌ಗಳಲ್ಲೂ ಜಾತಿಗಳಿವೆ. ಹಳೆಯ ಕಪ್ಪು-ಬಿಳುಪು ಪ್ರಿಂಟಿನದು ಬರಿಯ ಕಾಗದದ ತಳ. 1970ರ ದಶಕದಿಂದ ಬಳಕೆಗೆ ಬಂದದ್ದು ಎರಡೂ ಬದಿ ಪ್ಲಾಸ್ಟಿಕ್ ಲೇಪವಿರುವ ಕಾಗದ, ನಾವು ‘ಕಲರ್ ಫೋಟೊ’ ಎಂದೊಡನೆ ನೆನಪಾಗುವುದು ಅದೇ. ಆ ಕಾಲದ ಕಲರ್ ಪ್ರಿಂಟ್‌ಗಳು ಕತ್ತಲಲ್ಲಿಟ್ಟರೂ ಬಣ್ಣ ಕಳೆದುಕೊಂಡು ಕೆಂಪಗಾಗುತ್ತವೆ. ಬೆಳ್ಳಿಯಿಂದ ಮೂಡಿದ ಕಪ್ಪು-ಬಿಳುಪು ಚಿತ್ರ ಹಾಗಾಗುವುದಿಲ್ಲ. ಆದ್ದರಿಂದ ಅಜ್ಜನ ಮದುವೆಯ ಫೋಟೊ ಅಪ್ಪನ ಮದುವೆಯ ಫೋಟೊಗಿಂತ ಚೆನ್ನಾಗಿ ಉಳಿದಿರುವುದರಲ್ಲಿ ಅಚ್ಚರಿಯೇನಿಲ್ಲ.

ಒಟ್ಟಿಗೋ, ಬೇರೆಯೋ?

ಒಟ್ಟಿಗೆ ಇಡುವವರ ವಾದ ಸರಳ ಮತ್ತು ಬಲವಾದದ್ದು. ಬೈಂಡರಿನ ಎಡಗಡೆ ನೆಗೆಟಿವ್ ಹಾಳೆ, ಬಲಗಡೆ ಅದೇ ರೋಲಿನ ಪ್ರಿಂಟ್‌ಗಳು. ಹುಡುಕಾಟವೇ ಬೇಡ, ನೋಂದಣಿ ಪುಸ್ತಕವೂ ಬೇಡ, ಮಕ್ಕಳ ಕಾಲಕ್ಕೂ ಜೋಡಿ ತಪ್ಪುವುದಿಲ್ಲ. ಲ್ಯಾಬಿನವರು ಕೊಡುತ್ತಿದ್ದ ಎರಡು ಜೇಬಿನ ಕವರ್ ಕೂಡ ಇದೇ ತತ್ವದ್ದು. ಒಣಹವೆಯ ಊರಿನಲ್ಲಿ, ಹತ್ತಿಪ್ಪತ್ತು ರೋಲ್‌ಗಳಷ್ಟೇ ಇರುವ ಮನೆಯಲ್ಲಿ, ಹುಳಿವಾಸನೆಯ ಸುಳಿವೇ ಇಲ್ಲದಿದ್ದರೆ, ಈ ಕ್ರಮವನ್ನು ನಾನು ಬೇಡವೆನ್ನುವುದಿಲ್ಲ.

ಬೇರೆ ಇಡಬೇಕೆನ್ನಲು ಮೂರು ಕಾರಣಗಳಿವೆ. ಒಂದು, ಕೊಳೆಯಲಾರಂಭಿಸಿದ ಅಸಿಟೇಟ್ ಬಿಡುವ ಆಮ್ಲದ ಆವಿ ಪಕ್ಕದ ಪ್ರಿಂಟ್‌ಗಳನ್ನೂ ಆರೋಗ್ಯವಾಗಿರುವ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ. ಎರಡು, ಆಲ್ಬಮ್ ಎನ್ನುವುದು ನೆಂಟರು ಬಂದಾಗಲೆಲ್ಲ ಹೊರಬರುವ ವಸ್ತು. ಚಕ್ಕುಲಿ ತಿಂದ ಕೈಗಳು ಅದನ್ನು ತಿರುವಿಹಾಕುತ್ತವೆ, ಹಾಗೆ ತಿರುವಿಹಾಕಲೆಂದೇ ಅದು ಇರುವುದು. ವರ್ಷಕ್ಕೊಮ್ಮೆಯೂ ಹೊರತೆಗೆಯಬೇಕಿಲ್ಲದ ನೆಗೆಟಿವ್ ಆ ಪ್ರತಿ ತಿರುವಿನಲ್ಲೂ ಯಾಕೆ ಪಾಲ್ಗೊಳ್ಳಬೇಕು? ಮೂರನೆಯದು ಎಲ್ಲಕ್ಕಿಂತ ದೊಡ್ಡದು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿ ಊರೊಳಗೆ ನುಗ್ಗಿದಾಗ, ಮನೆಯ ಸಾಮಾನು ಒಟ್ಟಿಗೇ ಹೋಯಿತು. ನೆಗೆಟಿವ್ ಮತ್ತು ಪ್ರಿಂಟ್ ಒಂದೇ ಚಿತ್ರದ ಎರಡು ಪ್ರತಿಗಳು. ಎರಡನ್ನೂ ಒಂದೇ ಟ್ರಂಕಿನಲ್ಲಿಡುವುದೆಂದರೆ ಎರಡು ಪ್ರತಿ ಇರುವುದರ ಲಾಭವನ್ನೇ ಬಿಟ್ಟುಕೊಟ್ಟಂತೆ. ಊರಿನ ಮನೆಯಲ್ಲಿ ಆಲ್ಬಮ್, ಬೆಂಗಳೂರಿನಲ್ಲಿರುವ ಮಗನ ಮನೆಯಲ್ಲಿ ನೆಗೆಟಿವ್ ಎಂಬ ವ್ಯವಸ್ಥೆ ನನಗೆ ಹೆಚ್ಚು ಹಿಡಿಸುತ್ತದೆ.

ಇವೆರಡರ ನಡುವೆ ಒಂದು ಮೂರನೆಯ ದಾರಿಯೂ ಇದೆ. ಹಿಂದೆ ಫೋಟೊಗ್ರಾಫರುಗಳು ಒಂದು ರೋಲಿನ ಎಲ್ಲ ನೆಗೆಟಿವ್ ಪಟ್ಟಿಗಳನ್ನೂ 8×10 ಇಂಚಿನ ಕಾಗದದ ಮೇಲಿಟ್ಟು, ನೆಗೆಟಿವ್ ಗಾತ್ರದ್ದೇ ಪುಟ್ಟ ಚಿತ್ರಗಳ ಕಾಂಟ್ಯಾಕ್ಟ್ ಶೀಟ್ ಮಾಡಿಕೊಳ್ಳುತ್ತಿದ್ದರು. ಈಗ ಟ್ಯಾಬ್ಲೆಟ್ಟಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಹಾಳೆಯನ್ನಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು, ಬಣ್ಣವನ್ನು ತಿರುವುಮುರುವು ಮಾಡಿ ಮುದ್ರಿಸಿದರೂ ಅದೇ ಕೆಲಸವಾಗುತ್ತದೆ. ನೆಗೆಟಿವ್‌ಗಳ ಪಕ್ಕದಲ್ಲಿ ಇರಬೇಕಾದದ್ದು ಈ ಅಗ್ಗದ ಹಾಳೆ. ಹಾಳಾದರೆ ಮತ್ತೆ ಮುದ್ರಿಸಿಕೊಳ್ಳಬಹುದು, ಮೂಲ ಪ್ರಿಂಟ್ ತನ್ನ ಜಾಗದಲ್ಲಿ ಸುರಕ್ಷಿತವಾಗಿರುತ್ತದೆ.

ಸಂಖ್ಯೆ ಕೊಡುವ ಬಗೆ

ಇಸವಿ, ತಿಂಗಳು, ಸಂದರ್ಭ ಎಲ್ಲವನ್ನೂ ಸಂಖ್ಯೆಯೊಳಗೇ ತುರುಕುವ ಆಸೆ ಸಹಜ. ಆದರೆ ‘1994-03-12’ ಎಂದು ಬರೆದರೆ ಅದು 1994ರ ಮೂರನೆಯ ರೋಲಿನ ಹನ್ನೆರಡನೆಯ ಚಿತ್ರವೋ, ಮಾರ್ಚ್ 12ನೇ ತಾರೀಖೋ ಎಂಬುದು ಬರೆದವರಿಗೇ ಮರೆಯುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಅದು 1994 ಅಲ್ಲ, 1993 ಎಂದು ಚಿಕ್ಕಮ್ಮ ಬಂದು ಹೇಳಿದ ದಿನ ಇಡೀ ಲೆಕ್ಕವನ್ನು ತಿದ್ದಬೇಕಾಗುತ್ತದೆ. ಕೈಗೆ ಸಿಕ್ಕ ಕ್ರಮದಲ್ಲೇ ರೋಲ್‌ಗಳಿಗೆ 1, 2, 3 ಎಂದು ಸಂಖ್ಯೆ ಕೊಟ್ಟು, ಇಸವಿ, ಊರು, ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆಯ ಎದುರು ಬರೆಯುವುದು ಮೇಲು. ಚಿತ್ರದ ಸಂಖ್ಯೆಯನ್ನು ನಾವಾಗಿ ಕೊಡುವ ಅಗತ್ಯವೇ ಇಲ್ಲ: 35 ಮಿಲಿಮೀಟರ್ ಫಿಲ್ಮಿನ ಅಂಚಿನಲ್ಲಿ 12, 12ಎ, 13 ಎಂದು ಕಾರ್ಖಾನೆಯಲ್ಲೇ ಅಚ್ಚಾಗಿರುತ್ತದೆ. ನಲವತ್ತೇಳನೆಯ ರೋಲಿನ ಆ ಚಿತ್ರ ‘47-12ಎ’. ಪ್ರಿಂಟಿನ ಹಿಂದೆಯೂ ಅದೇ, ನೆಗೆಟಿವ್ ಹಾಳೆಯ ಮೇಲೂ ಅದೇ, ಸ್ಕ್ಯಾನ್ ಮಾಡಿದ ಕಡತದ ಹೆಸರೂ ಅದೇ.

ಪ್ರಿಂಟ್‌ಗಳನ್ನು ವ್ಯಕ್ತಿವಾರು ಜೋಡಿಸಬೇಕೇ, ಸಂದರ್ಭವಾರು ಜೋಡಿಸಬೇಕೇ ಎಂಬ ಚರ್ಚೆಗೆ ಇಲ್ಲಿ ತೆರೆ ಬೀಳುತ್ತದೆ. ನೆಗೆಟಿವ್‌ಗಳು ರೋಲಿನ ಕ್ರಮದಲ್ಲಿ ಮಲಗಿರಲಿ. ಪ್ರಿಂಟ್‌ಗಳನ್ನು ಮನೆಯವರಿಗೆ ಹೇಗೆ ಇಷ್ಟವೋ ಹಾಗೆ ಹಾಕಿಕೊಳ್ಳಲಿ.

ಬರೆಯುವ ಸಾಧನದ ಬಗ್ಗೆ ಒಂದು ಮಾತು. ಬರಿಯ ಕಾಗದದ ಹಳೆಯ ಪ್ರಿಂಟಿನ ಹಿಂದೆ, ಅಂಚಿನಲ್ಲಿ, 2ಬಿ ಪೆನ್ಸಿಲಿನಿಂದ ಒತ್ತದೆ ಬರೆಯಬಹುದು. ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಪೆನ್ಸಿಲ್ ಹಿಡಿಯುವುದಿಲ್ಲ, ಬಾಲ್‌ಪೆನ್ನಿನ ಗೆರೆ ಮುಂಬದಿಗೆ ಉಬ್ಬುತ್ತದೆ, ಸಾಮಾನ್ಯ ಶಾಯಿ ಎದುರಿನ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಬೇಗ ಒಣಗುವ, ವರ್ಣದ್ರವ್ಯದ ಶಾಯಿಯ ಪೆನ್ ಬೇಕು. ಅದಿಲ್ಲದಿದ್ದರೆ ಪ್ರಿಂಟನ್ನು ಮುಟ್ಟದೆ ಅದರ ಕವರಿನ ಮೇಲೆ ಬರೆಯುವುದು ಕ್ಷೇಮ.

ಸಂಖ್ಯೆ ಇಲ್ಲದ ಪ್ರಿಂಟಿಗೆ ಅದರ ನೆಗೆಟಿವ್ ಹುಡುಕುವುದು ತಾಳ್ಮೆಯ ಕೆಲಸ. ಮೊಬೈಲಿನಲ್ಲಿ ಪರದೆಯ ಬಣ್ಣ ತಿರುಗಿಸುವ ಸೌಲಭ್ಯವನ್ನು ಚಾಲೂ ಮಾಡಿ ಕ್ಯಾಮೆರಾದ ಮೂಲಕ ನೋಡಿದರೆ ನೆಗೆಟಿವ್‌ನಲ್ಲಿರುವ ಮುಖಗಳು ಪರಿಚಿತವಾಗುತ್ತವೆ. ಹೊಳೆಯುವ ಬದಿಯಿಂದ ನೋಡಬೇಕು, ಮಂಕು ಬದಿಯಿಂದ ನೋಡಿದರೆ ಎಡಬಲ ಅದಲುಬದಲಾಗುತ್ತದೆ. ಮುಖಕ್ಕಿಂತ ಸೀರೆಯ ಅಂಚು, ಹಿಂದಿನ ಗೋಡೆಯ ಕ್ಯಾಲೆಂಡರ್ ಬೇಗ ಸುಳಿವು ಕೊಡುತ್ತವೆ ಎಂಬುದು ನನ್ನ ಅನುಭವ.

ನೆಗೆಟಿವ್‌ಗೆ ಯಾವ ಹೊದಿಕೆ?

ಸುರುಳಿ ಸುತ್ತಿ ಡಬ್ಬಿಯಲ್ಲಿಡುವುದು ಎಲ್ಲಕ್ಕಿಂತ ಕಳಪೆ. ಬಿಡಿಸಿದಾಗಲೆಲ್ಲ ಗೀರು ಬೀಳುತ್ತದೆ. ಹಳೆಯ ಸ್ಟುಡಿಯೊಗಳು ಬಳಸುತ್ತಿದ್ದ ನುಣುಪಾದ ಅರೆಪಾರದರ್ಶಕ ಕಾಗದದ ಕವರ್, ಅಂದರೆ ನಾವು ಬಟರ್ ಪೇಪರ್ ಎನ್ನುವ ಬಗೆಯದ್ದು, ಒಣಹವೆಯಲ್ಲಿ ತೊಂದರೆ ಕೊಡದಿದ್ದರೂ ಮಳೆಗಾಲದಲ್ಲಿ ತೇವ ಹೀರಿಕೊಂಡು ನೆಗೆಟಿವ್‌ನ ಜಿಲೆಟಿನ್ ಲೇಪಕ್ಕೆ ಅಂಟಿಕೊಳ್ಳುತ್ತದೆ. ಉಳಿಯುವ ಆಯ್ಕೆಗಳು ಎರಡು: ಆಮ್ಲರಹಿತ ಕಾಗದದ ಕವರ್ ಮತ್ತು ಒಳ್ಳೆಯ ಪ್ಲಾಸ್ಟಿಕ್ಕಿನ ಹಾಳೆ.

ಕಾಗದಕ್ಕೆ ಉಸಿರಾಡುವ ಗುಣವಿದೆ, ಆಮ್ಲದ ಆವಿ ಒಳಗೇ ಕೂಡಿಕೊಳ್ಳುವುದಿಲ್ಲ. ಹುಳಿವಾಸನೆ ಶುರುವಾದ ಅಸಿಟೇಟಿಗೆ ಇದೇ ಸರಿ. ಆದರೆ ಒಳಗೇನಿದೆ ಎಂದು ತಿಳಿಯಲು ಪ್ರತಿ ಸಲವೂ ಹೊರತೆಗೆಯಬೇಕು. ಪ್ಲಾಸ್ಟಿಕ್ ಹಾಳೆಯಲ್ಲಾದರೆ ಹೊರತೆಗೆಯದೆಯೇ ಬೆಳಕಿಗೆ ಹಿಡಿದು ನೋಡಬಹುದು. ಅದು ಪಾಲಿಪ್ರೊಪಿಲೀನ್, ಪಾಲಿಥಿಲೀನ್ ಅಥವಾ ಪಾಲಿಯೆಸ್ಟರ್ ಆಗಿರಬೇಕು, ಪಿವಿಸಿ ಆಗಿರಲೇಬಾರದು. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ದ್ರವ್ಯ ಕಾಲಕ್ರಮದಲ್ಲಿ ಹೊರಬಂದು ಅಂಟಾಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಹೊಸ ರೈನ್‌ಕೋಟಿನ ವಾಸನೆ ಬಂದರೆ ಅನುಮಾನಿಸಬೇಕು. ಖಚಿತವಾಗಬೇಕೆಂದರೆ, ಮನೆಯ ಹೊರಗೆ, ಫಿಲ್ಮ್‌ಗಳಿಂದ ದೂರದಲ್ಲಿ, ಕಾಯಿಸಿದ ತಾಮ್ರದ ತಂತಿಯನ್ನು ಹಾಳೆಯ ಒಂದು ಚೂರಿಗೆ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿದರೆ, ಪಿವಿಸಿಯಾಗಿದ್ದರೆ ಜ್ವಾಲೆ ಹಸಿರಾಗುತ್ತದೆ. ಕೊಳ್ಳುವಾಗ ‘ಆರ್ಕೈವಲ್’ ಎಂಬ ಮಾತನ್ನು ನಂಬಬೇಕಿಲ್ಲ, ಯಾರು ಬೇಕಾದರೂ ಅದನ್ನು ಅಚ್ಚು ಹಾಕಬಹುದು. ಐಎಸ್‌ಒ 18916 ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ಬರೆದಿದ್ದರೆ ಅದಕ್ಕೆ ಅರ್ಥವಿದೆ. ಹೊದಿಕೆಯ ವಸ್ತು ಚಿತ್ರವನ್ನು ಕೆಡಿಸುತ್ತದೆಯೇ ಎಂದು ನೋಡುವ ಪರೀಕ್ಷೆ ಅದು.

ಗಾತ್ರದ ವಿಷಯದಲ್ಲಿ ಹಲವರು ಮೋಸಹೋಗುತ್ತಾರೆ, ನಾನೂ ಹೋಗಿದ್ದೇನೆ. 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಚಿತ್ರ ತನ್ನ ಅಂತರವೂ ಸೇರಿ 38 ಮಿಲಿಮೀಟರ್ ಹಿಡಿಯುತ್ತದೆ. ಲ್ಯಾಬಿನವರು ನಾಲ್ಕು ಚಿತ್ರದ ಪಟ್ಟಿಗಳಾಗಿ ಕತ್ತರಿಸಿದ್ದರೆ ಪಟ್ಟಿಯ ಉದ್ದ 152 ಮಿಲಿಮೀಟರ್, ಆರು ಚಿತ್ರದ್ದಾದರೆ 228. ಎ4 ಹಾಳೆಯ ಅಗಲವೇ 210 ಮಿಲಿಮೀಟರ್ ಆದ್ದರಿಂದ, ಆರು ಚಿತ್ರದ ಪಟ್ಟಿಗಳ ಹಾಳೆ ಸಾಮಾನ್ಯ ಆಫೀಸು ಫೈಲಿನಿಂದ ಹೊರಗೆ ಚಾಚಿ ನಿಲ್ಲುತ್ತದೆ, ಅದಕ್ಕೆ ಅಗಲದ ಬೈಂಡರೇ ಬೇಕು. ಐದು ಚಿತ್ರದ ಏಳು ಸಾಲುಗಳಿರುವ ಹಾಳೆ ತಂದು, ಮನೆಯಲ್ಲಿರುವ ಆರರ ಪಟ್ಟಿಗಳಿಂದ ಒಂದೊಂದು ಚಿತ್ರವನ್ನು ಕತ್ತರಿಸಿ ಹೊಂದಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂಟಿ ಚಿತ್ರವನ್ನು ಸ್ಕ್ಯಾನರಿನ ಹಿಡಿಕೆಯಲ್ಲಿ ಕೂರಿಸುವುದು ದೊಡ್ಡ ಗೋಳು.

ಸ್ಟುಡಿಯೊದ ಹಳೆಯ ನೆಗೆಟಿವ್‌ಗಳು ಸಿಕ್ಕಿದ್ದರೆ, ಮುಖದ ಮೇಲೆ ಪೆನ್ಸಿಲಿನ ಸಣ್ಣ ಗೆರೆಗಳು ಕಾಣಬಹುದು. ಅದು ಕೊಳೆಯಲ್ಲ, ‘ಟಚಿಂಗ್’ ಮಾಡಿದ ಕೈಕೆಲಸ, ಒರೆಸಬಾರದು. ಗಾಜಿನ ನೆಗೆಟಿವ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ಒಂದೊಂದಕ್ಕೂ ಕಾಗದದ ಹೊದಿಕೆ ಹಾಕಿ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿಡಬೇಕು.

ಪ್ರಿಂಟಿಗೆ ಆಲ್ಬಮ್ಮೋ, ಪೆಟ್ಟಿಗೆಯೋ?

ಗಮ್ಮಿನ ಗೆರೆಗಳಿರುವ ದಪ್ಪ ಹಾಳೆಯ ಮೇಲೆ ಫೋಟೊ ಇಟ್ಟು ಪ್ಲಾಸ್ಟಿಕ್ ಪರದೆ ಎಳೆಯುವ ಆಲ್ಬಮ್ ಒಂದು ಕಾಲದಲ್ಲಿ ಪ್ರತಿಷ್ಠೆಯ ವಸ್ತುವಾಗಿತ್ತು. ಪ್ರಿಂಟ್‌ಗಳಿಗೆ ಅದಕ್ಕಿಂತ ಕೆಟ್ಟ ಮನೆ ಇನ್ನೊಂದಿಲ್ಲ: ಗಮ್ ಹಳದಿಯಾಗಿ ಗಟ್ಟಿಯಾಗುತ್ತದೆ, ಫೋಟೊ ಎತ್ತಲು ಹೋದರೆ ಹರಿಯುತ್ತದೆ. ಹಾಗೆ ಅಂಟಿದವನ್ನು ಕೀಳುವ ಮೊದಲು ಆಲ್ಬಮಿನಲ್ಲಿದ್ದಂತೆಯೇ ಫೋಟೊ ತೆಗೆದುಕೊಂಡು, ಬಳಿಕ ಹಲ್ಲಿಗೆ ಬಳಸುವ ಮೇಣವಿಲ್ಲದ ದಾರವನ್ನು ಪ್ರಿಂಟಿನ ಅಡಿಯಲ್ಲಿ ಮೆಲ್ಲಗೆ ಗರಗಸದಂತೆ ಆಡಿಸಿ ಬಿಡಿಸಬಹುದು. ಬಾರದಿದ್ದರೆ ಬಲವಂತ ಮಾಡದೆ ಹಾಗೇ ಬಿಡುವುದು ಜಾಣತನ.

ಅದಕ್ಕೂ ಹಿಂದಿನ, ಕಪ್ಪು ಹಾಳೆಯ, ಜೇಡರಬಲೆಯ ಚಿತ್ತಾರದ ತೆಳುಕಾಗದವಿರುವ ಆಲ್ಬಮ್ ಇದಕ್ಕಿಂತ ಎಷ್ಟೋ ಉತ್ತಮ, ಏಕೆಂದರೆ ಫೋಟೊದ ನಾಲ್ಕು ಮೂಲೆಗಳನ್ನು ಹಾಳೆಗೆ ಅಂಟಿಸಿದ ‘ಕಾರ್ನರ್’ ಎಂಬ ಪುಟ್ಟ ಜೇಬುಗಳು ಹಿಡಿದಿರುತ್ತವೆ, ಪ್ರಿಂಟಿಗೆ ಗಮ್ ಸೋಕಿರುವುದೇ ಇಲ್ಲ. ಬಿಳಿ ಶಾಯಿಯಲ್ಲಿ ಬರೆದ ಹೆಸರುಗಳಿದ್ದರೆ ಆ ಆಲ್ಬಮನ್ನು ಬಿಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಜೋಡಣೆಯೇ ಒಂದು ದಾಖಲೆ. 4×6 ಇಂಚಿನ ಪ್ರಿಂಟ್‌ಗಳನ್ನು ತೂರಿಸುವ ಜೇಬಿನ ಆಲ್ಬಮ್ ಪಿವಿಸಿಯದ್ದಲ್ಲದಿದ್ದರೆ ನೋಡಲು ಅನುಕೂಲ, ಬೆಲೆಯೂ ಕಡಿಮೆ.

ಐನೂರಕ್ಕಿಂತ ಹೆಚ್ಚು ಪ್ರಿಂಟ್‌ಗಳಿದ್ದರೆ ಪೆಟ್ಟಿಗೆಯೇ ಲೇಸು. ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ, ನಡುನಡುವೆ ವಿಭಾಗದ ರಟ್ಟುಗಳನ್ನಿಟ್ಟು, ಬಾಗದಷ್ಟು ಒತ್ತಾಗಿ ಆದರೆ ಎಳೆದರೆ ಬರುವಷ್ಟು ಸಡಿಲವಾಗಿ ನಿಲ್ಲಿಸಿದರೆ, ಆಲ್ಬಮಿಗಿಂತ ಎಷ್ಟೋ ಕಡಿಮೆ ಜಾಗ ಸಾಕು. ನೆಂಟರ ಕೈಗೆ ಕೊಡಲಾಗುವುದಿಲ್ಲ ಎಂಬುದು ಇದರ ಒಂದೇ ಕೊರತೆ. ಆದ್ದರಿಂದ ಆಯ್ದ ನೂರನ್ನು ಮರುಮುದ್ರಿಸಿ ಆಲ್ಬಮಿಗೆ ಹಾಕಿ, ಮೂಲವನ್ನು ಪೆಟ್ಟಿಗೆಯಲ್ಲಿಡುವ ಪದ್ಧತಿ ಖರ್ಚಿನದಾದರೂ ನೆಮ್ಮದಿಯದು.

ಎಲ್ಲಿಡಬೇಕು?

ಆರ್ದ್ರತೆ ಶೇ. 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರುತ್ತದೆ. ಜಿಲೆಟಿನ್ ಅದಕ್ಕೆ ಒಳ್ಳೆಯ ಊಟ. ಮಂಗಳೂರು, ಉಡುಪಿ, ಕಾರವಾರ, ಆಗುಂಬೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಿತಿಯೊಳಗೆ ಉಳಿಯುವ ಮನೆಯೇ ಇಲ್ಲ. ಅಲ್ಲಿನವರಿಗೆ ಕ್ಯಾಮೆರಾ ಅಂಗಡಿಗಳಲ್ಲಿ ಸಿಗುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಅತ್ಯುತ್ತಮ; ಶೇ. 40ರ ಆಸುಪಾಸಿಗೆ ಹೊಂದಿಸಿಟ್ಟರೆ ಸಾಕು. ಅದು ಕೈಗೆಟುಕದಿದ್ದರೆ ರಬ್ಬರ್ ಪಟ್ಟಿಯ ಮುಚ್ಚಳದ ಡಬ್ಬಿ ಮತ್ತು ಬಣ್ಣ ಬದಲಿಸುವ ಸಿಲಿಕಾ ಜೆಲ್ ಆದೀತು, ಆದರೆ ಬಣ್ಣ ಬದಲಾದಾಗ ಅದನ್ನು ಬಿಸಿಮಾಡಿ ಒಣಗಿಸುವ ಶಿಸ್ತು ಬೇಕು. ಹುಳಿವಾಸನೆಯ ನೆಗೆಟಿವ್‌ಗಳನ್ನು ಮಾತ್ರ ಇಂಥ ಮುಚ್ಚಿದ ಜಾಗಕ್ಕೆ ಬೇರೆಯವುಗಳ ಜೊತೆ ಸೇರಿಸಬಾರದು.

ಬಳ್ಳಾರಿ, ಕಲಬುರಗಿ ಕಡೆಯವರ ಶತ್ರು ತೇವವಲ್ಲ, ಬಿಸಿ. ಅಟ್ಟ ಮತ್ತು ಪಶ್ಚಿಮದ ಗೋಡೆಗೆ ಒರಗಿದ ಬೀರು ಬೇಡ. ನಡುಮನೆಯ ಒಳಗೋಡೆಯ ಬಳಿ, ನೆಲದಿಂದ ಒಂದಡಿ ಮೇಲೆ ಇಟ್ಟರೆ ಸಾಕು. ಬಣ್ಣ ಬಳಿದು ಕಾವಿನಲ್ಲಿ ಗಟ್ಟಿಗೊಳಿಸಿದ ಉಕ್ಕಿನ ಬೀರು ಹೊಸ ಪ್ಲೈವುಡ್ಡಿನ ಕಪಾಟಿಗಿಂತ ಒಳ್ಳೆಯದು, ಏಕೆಂದರೆ ಪ್ಲೈವುಡ್ಡಿನ ಗೋಂದು ಆವಿ ಬಿಡುತ್ತದೆ. ಸೀರೆಗೆ ಹಾಕುವ ನ್ಯಾಫ್ತಲೀನ್ ಗುಳಿಗೆ ಫೋಟೊಗಳ ಬಳಿ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ. ಬೇವಿನ ಎಲೆಯ ಮೇಲೆ ನನಗೆ ಗೌರವವಿದೆ, ಆದರೆ ಪೂರ್ತಿ ಒಣಗದ ಎಲೆ ತೇವವನ್ನೂ ಹುಳುವನ್ನೂ ತಾನೇ ತರುತ್ತದೆ.

ಫ್ರೀಜರಿನ ವಿಚಾರ: ಹಳೆಯ ಕಲರ್ ನೆಗೆಟಿವ್ ಮತ್ತು ಹುಳಿ ಹಿಡಿದ ಅಸಿಟೇಟಿನ ಕೊಳೆತವನ್ನು ನಿಜವಾಗಿ ನಿಧಾನಿಸುವುದು ಚಳಿಯೊಂದೇ. ಎರಡು ಪದರದ ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಟ್ಟು, ತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವ ತನಕ, ಅಂದರೆ ಒಂದು ದಿನ, ಚೀಲ ಬಿಚ್ಚದೆ ಇರಬೇಕು. ಮೊದಲೇ ಬಿಚ್ಚಿದರೆ ಹನಿಗಟ್ಟುತ್ತದೆ. ದಿನಕ್ಕೆರಡು ಬಾರಿ ಕರೆಂಟ್ ಹೋಗುವ ಊರಿನಲ್ಲಿ ನಾನು ಇದನ್ನು ಶಿಫಾರಸು ಮಾಡಲಾರೆ. ಅಲ್ಲಿ ಹುಳಿ ಹಿಡಿದದ್ದನ್ನು ಕೂಡಲೇ ಸ್ಕ್ಯಾನ್ ಮಾಡಿಸುವುದೇ ದಾರಿ. 35 ಮಿಲಿಮೀಟರಿನ ಚಿತ್ರವನ್ನು 3000 ಡಿಪಿಐನಲ್ಲಿ, ಅಂದರೆ ಇಂಚಿಗೆ 3000 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿದರೆ ಸುಮಾರು 12 ಮೆಗಾಪಿಕ್ಸೆಲ್ ಸಿಗುತ್ತದೆ. ಹಣ ಸೀಮಿತವಾಗಿದ್ದರೆ ಪ್ರಿಂಟಿಗಿಂತ ಮೊದಲು ನೆಗೆಟಿವ್. ಪ್ರಿಂಟಿನಲ್ಲಿ ಕಾಣದ ನೆರಳಿನ ವಿವರ, ಲ್ಯಾಬಿನವರು ಕತ್ತರಿಸಿದ ಅಂಚು ಅದರಲ್ಲಿರುತ್ತದೆ. ಹಿಂಬದಿಯಲ್ಲಿ ಬರಹವಿರುವ ಪ್ರಿಂಟ್ ಇದಕ್ಕೆ ಅಪವಾದ, ಅದರ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಬೇಕು.

ಎಷ್ಟು ಹುಡುಕಿದರೂ ನೆಗೆಟಿವ್ ಸಿಗದ ಪ್ರಿಂಟ್‌ಗಳು, ಪ್ರಿಂಟೇ ಇಲ್ಲದ ನೆಗೆಟಿವ್‌ಗಳು ಕೊನೆಗೆ ಉಳಿದೇ ಉಳಿಯುತ್ತವೆ. ಪ್ರಿಂಟ್ ಇಲ್ಲದ ನೆಗೆಟಿವ್‌ಗೆ ಅದರ ರೋಲಿನ ಸಂಖ್ಯೆ ಇದ್ದೇ ಇದೆ. ನೆಗೆಟಿವ್ ಇಲ್ಲದ ಪ್ರಿಂಟ್‌ಗಳನ್ನು ‘0’ ಎಂಬ ರೋಲಿಗೆ ಸೇರಿಸಿ, 0-1, 0-2 ಎಂದು ಬರೆಯುತ್ತ ಹೋಗಿ, ಪೆಟ್ಟಿಗೆಯ ಮುಂಭಾಗದಲ್ಲಿ ಇಡಿ. ಆ ಪ್ರಿಂಟ್‌ಗಳಿಗೆ ನಮ್ಮ ಬಳಿ ಬೇರೆ ಪ್ರತಿಯಿಲ್ಲದ್ದರಿಂದ, ನೀರು ನುಗ್ಗಿದ ರಾತ್ರಿ ಮೊದಲು ಕೈಗೆ ಸಿಗಬೇಕಾದದ್ದು ಆ ಕಟ್ಟು.